ಮಾಡಿಗೆ ಯಾವ ಬಣ್ಣ?

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೆ ನಾನು ಸಾಮಾನ್ಯವಾಗಿ ತುಂಗೆಯನ್ನು ನೋಡುತ್ತ ಕೂರುತ್ತೇನೆ. ಸಕ್ರೆಬೈಲಿನಲ್ಲಿ ಆನೆ, ಮಳೆಗಾಲವಾದರೆ ಮಂಡಗದ್ದೆಯಲ್ಲಿ ಹಕ್ಕಿಗಳು ಕಂಡರೆ ಅದು ಲಾಭ. 2019ರ ಮಾರ್ಚ್ ತಿಂಗಳಲ್ಲಿ ಮಾತ್ರ ದಾರಿಯುದ್ದಕ್ಕೂ ಮನೆಗಳ ಮಾಡುಗಳನ್ನೇ ನೋಡುತ್ತ ಹೋದೆ. ನೀಲಿ ಶೀಟು, ಕೆಂಪು ಶೀಟು, ಮತ್ತೆ ನೀಲಿ, ಒಂದು ಕಡೆ ಗಿಳಿಹಸಿರು. ನಡುನಡುವೆ ಪಾಚಿಗಟ್ಟಿ ಕಪ್ಪಾದ ಹಂಚಿನ ಮನೆಗಳು. ತಮ್ಮ ಹಿಂದಿನ ರಾತ್ರಿ ಫೋನಿನಲ್ಲಿ ಹೇಳಿದ್ದ: "ಅಣ್ಣ, ಶೀಟು ಹಾಕ್ಸೋದು ಗಟ್ಟಿ. ಬಣ್ಣ ಯಾವ್ದು ಅಂತ ನೀನೇ ಬಂದು ಹೇಳು. ಅಮ್ಮ ಯಾವ್ದಕ್ಕೂ ಒಪ್ತಾ ಇಲ್ಲ."

ನಮ್ಮದು ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿ, ತೋಟದ ತಲೆಯಲ್ಲಿರುವ ಮನೆ. ಅಪ್ಪಯ್ಯ 1974ರಲ್ಲಿ ಸುಟ್ಟ ಇಟ್ಟಿಗೆಯಿಂದ ಕಟ್ಟಿಸಿದ್ದು. ಹೊರಗೋಡೆಗೆ ಗಾರೆ ಮಾಡಿಸುವಷ್ಟರಲ್ಲಿ ದುಡ್ಡು ಮುಗಿದಿದ್ದರಿಂದ ಇಟ್ಟಿಗೆ ಹಾಗೆಯೇ ಉಳಿಯಿತು. ಈಗ ಬಂದವರೆಲ್ಲ ಅದನ್ನೇ ಚೆಂದ ಎನ್ನುತ್ತಾರೆ. ಮೇಲೆ ಮಂಗಳೂರು ಹಂಚು. ಪ್ರತಿ ಬೇಸಿಗೆಯ ಕೊನೆಗೆ ಹಂಚು ಕೈಯಾಡಿಸಬೇಕು, ಎಂದರೆ ಒಂದೊಂದನ್ನೂ ತೆಗೆದು, ಒಡೆದದ್ದನ್ನು ಬದಲಿಸಿ, ಮತ್ತೆ ಜೋಡಿಸಬೇಕು. ಆ ಕೆಲಸ ಬಲ್ಲವರು ಊರಿನಲ್ಲಿ ಇಬ್ಬರಿದ್ದರು. ಒಬ್ಬರು ತೀರಿಕೊಂಡರು, ಇನ್ನೊಬ್ಬರಿಗೆ ಮೊಣಕಾಲು ನೋವು. ಮಂಗಗಳಿಗೆ ಮಾತ್ರ ಯಾವ ನೋವೂ ಇಲ್ಲ. ಹಲಸು ಹಣ್ಣಾಗುವ ಹೊತ್ತಿಗೆ ಹಿಂಡು ಬಂದು ಮಾಡಿನ ಮೇಲೆ ಕುಣಿದರೆ ಮಳೆಗಾಲದಲ್ಲಿ ಮನೆಯೊಳಗೆ ಪಾತ್ರೆ ಇಡಬೇಕು. ಹಿಂದಿನ ವರ್ಷ ತಮ್ಮನ ಮಗಳ ಪುಸ್ತಕಗಳ ಕಪಾಟೇ ನೆನೆದುಹೋಗಿತ್ತು.

ಹಂಚಿನ ಕಾಲದಲ್ಲಿ ಬಣ್ಣದ ಪ್ರಶ್ನೆಯೇ ಇರಲಿಲ್ಲ. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬುವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಸುಟ್ಟಾಗ ಅದು ಕೆಂಪಾಗುತ್ತದೆ. ನಮ್ಮ ಇಟ್ಟಿಗೆ ಕೆಂಪಾಗುವುದೂ ಅದೇ ಕಾರಣಕ್ಕೆ. ಹೀಗಾಗಿ ಕರಾವಳಿ, ಮಲೆನಾಡುಗಳ ಮಾಡಿಗೆ ಬಣ್ಣವನ್ನು ಮಣ್ಣೇ ಆರಿಸಿತ್ತು. ಈಗ ಅಂಗಡಿಯವನು ಬಣ್ಣದ ಪಟ್ಟಿ ಮುಂದಿಟ್ಟು "ಯಾವ್ದು ಬೇಕು ಸಾರ್?" ಎನ್ನುತ್ತಾನೆ. ಒಂದೇ ಕಂಪನಿಯ, ಒಂದೇ ದಪ್ಪದ ಶೀಟಿಗೆ ಎಲ್ಲ ಬಣ್ಣಕ್ಕೂ ಹೆಚ್ಚುಕಡಿಮೆ ಒಂದೇ ದರ. ತಪ್ಪು ಬಣ್ಣ ಆರಿಸಿದರೆ ಅಂದು ನಷ್ಟವಾಗುವುದಿಲ್ಲ. ಆಮೇಲೆ ಇಪ್ಪತ್ತು ವರ್ಷ ಅದರ ಕೆಳಗೆ ಬದುಕಬೇಕಾಗುತ್ತದೆ, ಅಷ್ಟೆ.

ತಮ್ಮನಿಗೆ ಕಡು ಕಂದು ಇಷ್ಟ; ಕೊಳೆ ಕಾಣುವುದಿಲ್ಲ ಎಂಬುದು ಅವನ ವಾದ. ಅಮ್ಮನಿಗೆ ಶೀಟೇ ಬೇಡ. ಹಾಕುವುದೇ ಆದರೆ ಕೆಂಪು. "ಕುಪ್ಪಳಿ ಕವಿಮನೆಗೆ ನೀಲಿ ಶೀಟು ಹೊದಿಸಿದ್ರೆ ಹೆಂಗಿರತ್ತೆ, ನೀನೇ ಹೇಳು ಮಾರಾಯ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಪಕ್ಕದೂರಿನ ಒಂದು ಇಟ್ಟಿಗೆ ಮನೆಯ ಮೇಲೆ ಕೆಂಪು ಶೀಟು ನೋಡಿಬಂದಿದ್ದೆ. ಮಣ್ಣಿನ ಕೆಂಪು ಬೇರೆ, ಡಬ್ಬಿಯ ಕೆಂಪು ಬೇರೆ. ಎರಡೂ ಒಟ್ಟಿಗಿದ್ದಾಗ ಗೋಡೆ ಹಳತಾಗಿ, ಬಡವಾಗಿ ಕಾಣುತ್ತಿತ್ತು. ಬಿಸಿಲಿನ ಕಡೆಯ ಇಳಿಜಾರು ಬೇರೆ ಮಾಸಿ ಗುಲಾಬಿಯಾಗಿತ್ತು.

ಈ ಚರ್ಚೆಯಲ್ಲಿ ಯಾರೂ ಮಾತು ಕೇಳದಿದ್ದವಳು ಒಂಬತ್ತನೆಯ ತರಗತಿಯಲ್ಲಿದ್ದ ತಮ್ಮನ ಮಗಳು. ಉಪ್ಪರಿಗೆಯ ಕೋಣೆ ಅವಳದು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. "ದೊಡ್ಡಪ್ಪ, ನಮ್ಮ ಶಾಲೆಯ ಒಂದು ಕೋಣೆಗೆ ಶೀಟಿದೆ. ಮಧ್ಯಾಹ್ನ ಅಲ್ಲಿ ಕೂರ್ಲಿಕ್ಕೇ ಆಗಲ್ಲ. ಮಳೆ ಬಂದ್ರೆ ಮೇಷ್ಟ್ರು ಪಾಠ ನಿಲ್ಸಿ ಸುಮ್ಮನೆ ನಿಲ್ತಾರೆ" ಎಂದಳು. ಅಗತ್ಯವಾದ ಮಾತು ಅದೊಂದೇ ಆಗಿತ್ತು.

ಅಂಗಡಿಯಿಂದ ಅಂಗೈಯಗಲದ ಮಾದರಿ ತುಂಡುಗಳನ್ನು ತಂದಿದ್ದೆವು. ಕಂದು, ನೀಲಿ, ಕೆಂಪು, ಕೆನೆಬಣ್ಣ, ಜತೆಗೆ ಬಣ್ಣವಿಲ್ಲದ ಹೊಳೆಯುವ ತಗಡು. ಅಡಿಕೆ ಅಂಗಳದಲ್ಲಿ ಒಣಹುಲ್ಲು ಹರಡಿ ಅದರ ಮೇಲೆ ಸಾಲಾಗಿ ಇಟ್ಟೆವು. ನೆಲದ ಕಾವು ತಾಗಬಾರದಲ್ಲ. ಪ್ರತಿಯೊಂದರ ಮೇಲೂ ಒಂದೇ ಅಳತೆಯ ಮೇಣದ ಚೂರು. ಬೆಂಜಮಿನ್ ಫ್ರಾಂಕ್ಲಿನ್ ಹದಿನೆಂಟನೆಯ ಶತಮಾನದಲ್ಲಿ ಹಿಮದ ಮೇಲೆ ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ಹರಡಿ, ಕಪ್ಪು ಬಟ್ಟೆ ಎಲ್ಲಕ್ಕಿಂತ ಆಳಕ್ಕೆ ಇಳಿದದ್ದನ್ನು ಕಂಡಿದ್ದ. ನಮಗೆ ಹಿಮ ಎಲ್ಲಿಂದ ಬರಬೇಕು, ಮೇಣವೇ ಗತಿ.

ಮೊದಲು ಕರಗಿದ್ದು ಕಂದು. ಆಮೇಲೆ ನೀಲಿ, ಸ್ವಲ್ಪ ತಡವಾಗಿ ಕೆಂಪು. ಕೆನೆಬಣ್ಣದ ಮೇಲಿನ ಚೂರು ಊಟ ಮುಗಿಸಿ ಬಂದಾಗಲೂ ಹಾಗೆಯೇ ಇತ್ತು. ಹುಡುಗಿಗೆ ಆಶ್ಚರ್ಯವಾದದ್ದು ಹೊಳೆಯುವ ತಗಡನ್ನು ಕಂಡು. ಅದರ ಮೇಲಿನ ಮೇಣ ಮೆತ್ತಗಾಗಿತ್ತು. ಕನ್ನಡಿಯಂತಿದ್ದರೂ ಯಾಕೆ ಕಾದಿತು? ಬರಿಯ ಲೋಹ ಬಿಸಿಲನ್ನು ಬಹುಪಾಲು ಹಿಂದಕ್ಕೆ ಎಸೆಯುತ್ತದೆ ನಿಜ, ಆದರೆ ಹೀರಿದ ಅಷ್ಟಿಷ್ಟು ಕಾವನ್ನು ಬೇಗ ಹೊರಸೂಸಲು ಅದಕ್ಕೆ ಬಾರದು. ಬಣ್ಣ ಬಳಿದ ಮೈ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ತಿಳಿಬಣ್ಣಕ್ಕೆ ಎರಡೂ ಗುಣವಿದೆ. ಬಿಸಿಲಿನ ಶಕ್ತಿಯಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲೇ ಇರುವುದರಿಂದ, ಅದನ್ನಷ್ಟೇ ಪ್ರತಿಫಲಿಸುವ ವಿಶೇಷ ಬಣ್ಣಗಳೂ ಈಗ ಬಂದಿವೆ. ಅವು ನೋಡಲು ಕಡುವಾಗಿದ್ದರೂ ಅಷ್ಟು ಕಾಯುವುದಿಲ್ಲ. ನಮ್ಮ ಅಂಗಡಿಯಲ್ಲಿ ಅವು ಇರಲಿಲ್ಲ.

ತಮ್ಮ ಸೋಲೊಪ್ಪಲಿಲ್ಲ. "ಇಲ್ಲಿ ಮಳೆ ಎಷ್ಟು, ಗೊತ್ತಲ್ಲ? ಎರಡೇ ವರ್ಷಕ್ಕೆ ಪಾಚಿ ಹಿಡಿದು ಕರ್ರಗಾಗತ್ತೆ" ಎಂದ. ಅವನ ಮಾತೂ ಸುಳ್ಳಲ್ಲ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಆದರೆ ಹಂಚಿನಂತೆ ಶೀಟು ನೀರು ಕುಡಿಯುವುದಿಲ್ಲ. ಬೇಸಿಗೆಯ ಮುಂಚೆ ಮೆತ್ತನೆಯ ಬ್ರಷ್ಷಿನಿಂದ ತೊಳೆದರೆ ಸಾಕು ಎಂದು ಮೇಸ್ತ್ರಿ ಹೇಳಿದರು. ಬಣ್ಣವೊಂದನ್ನೇ ನಂಬಿ ಕೂರಬೇಡಿ ಎಂದೂ ಹೇಳಿದವರು ಅವರೇ. ಹಂಚಿನ ಸಂದಿಯಲ್ಲಿ ಬಿಸಿಗಾಳಿ ತಾನಾಗಿ ಹೊರಹೋಗುತ್ತಿತ್ತು. ಶೀಟಿಗೆ ಸಂದಿಯೇ ಇಲ್ಲ. ಆದ್ದರಿಂದ ನೆತ್ತಿಯಲ್ಲಿ ಗಾಳಿಗೆ ದಾರಿ ಬಿಡಬೇಕು, ಕೆಳಗೆ ಮರದ ಮುಚ್ಚಿಗೆ ಇರಬೇಕು. ಮಳೆಯ ಸದ್ದನ್ನು ತಗ್ಗಿಸುವುದೂ ಮುಚ್ಚಿಗೆಯೇ, ಯಾವ ಬಣ್ಣವೂ ಅಲ್ಲ.

ಆ ಸಂಜೆ ಅಮ್ಮ ಮೇಣದ ಚೂರನ್ನು ಬೆರಳಿನಿಂದ ಒತ್ತಿ ನೋಡಿದಳು. "ಹುಡ್ಗಿ ಕೋಣೆಗೆ ಈ ಕೆನೆಬಣ್ಣವೇ ಇರ್ಲಿ" ಎಂದವಳು ತುಸು ತಡೆದು, "ಜಗಲಿ ಮೇಲಿನದು ಮುಟ್ಟಬೇಡಿ" ಎಂದಳು. ಇಳಿಸಿದ ಹಂಚುಗಳಲ್ಲಿ ಗಟ್ಟಿಯಾದವನ್ನೆಲ್ಲ ಅವಳೇ ಆರಿಸಿ ಒಪ್ಪವಾಗಿ ಪೇರಿಸಿಟ್ಟಳು. ಮುಂದಿನ ಜಗಲಿಗೆ ಅವೇ ಹಂಚು, ಉಳಿದ ಮಾಡಿಗೆಲ್ಲ ಕೆನೆಬಣ್ಣದ ಶೀಟು. ರಸ್ತೆಯಿಂದ ನೋಡುವವರಿಗೆ ಇಟ್ಟಿಗೆ ಗೋಡೆ, ಕೆಂಪು ಜಗಲಿ, ಅದರ ಹಿಂದೆ ಎತ್ತರದಲ್ಲಿ ಮಾಸಲು ಬಿಳಿ. ಇಟ್ಟಿಗೆಯ ಸಂದಿಯ ಗಾರೆಯೂ ಅದೇ ಮಾಸಲು ಬಿಳಿ ಎಂಬುದನ್ನು ನಾನು ಮೊದಲು ಗಮನಿಸಿರಲಿಲ್ಲ.

ಮೇ ಕೊನೆಗೆ ಮಂಗಗಳು ಬಂದವು. ಶೀಟಿನ ಮೇಲೆ ಕಾಲಿಟ್ಟದ್ದೇ ದಡಬಡ ಸದ್ದಿಗೆ ತಾವೇ ಬೆಚ್ಚಿ, ಜಾರಿ, ನೇರವಾಗಿ ಜಗಲಿಯ ಮಾಡಿನ ಮೇಲೆ ಹಾರಿದವು. ಆ ವರ್ಷವೂ ಒಂಬತ್ತು ಹಂಚು ಬದಲಿಸಬೇಕಾಯಿತು.