ರಟ್ಟೆಯ ಮೇಲಿನ ನಾಯಕ

ಸಿನಿಮಾ ನಟ, ಕ್ರಿಕೆಟ್ ಆಟಗಾರ ಅಥವಾ ಜನ ಮೆಚ್ಚಿದ ಪಾತ್ರವೊಂದರ ಹೆಸರು, ಮುಖ, ಸಂಖ್ಯೆಯನ್ನು ಮೈಮೇಲೆ ಚುಚ್ಚಿಸಿಕೊಳ್ಳುವುದೇ ಅಭಿಮಾನಿ ಹಚ್ಚೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಅದು ಹೆಚ್ಚಾಗಿ ಕಾಣುವುದು ಹರೆಯದ ಹುಡುಗರ ಮುಂಗೈ, ರಟ್ಟೆ ಮತ್ತು ಎಡ ಎದೆಯ ಮೇಲೆ. ಮುಂಗೈ ಮೇಲೆ ಹೆಸರು, ರಟ್ಟೆಯ ಮೇಲೆ ಮುಖ. ಎದೆ ಮಾತ್ರ ತೀರ ಗಟ್ಟಿ ಅಭಿಮಾನಿಗೆ ಮೀಸಲು. ಅಲ್ಲಿ ನೋವು ಜಾಸ್ತಿ. ಹಾಕಿಸಿಕೊಂಡದ್ದನ್ನು ತೋರಿಸಬೇಕಾದರೆ ಅಂಗಿಯ ಗುಂಡಿಯನ್ನೂ ಬಿಚ್ಚಬೇಕು. ಬಿಚ್ಚಲು ಯಾರೂ ಹೆಚ್ಚು ಒತ್ತಾಯ ಮಾಡಿಸಿಕೊಳ್ಳುವುದಿಲ್ಲ.

ಹಿರಿಯರಿಗೆ ಇದು ಮೊಬೈಲ್ ಕಾಲದ ಹುಚ್ಚಾಗಿ ಕಾಣುತ್ತದೆ. ಕಥೆಯ ನಾಯಕರು ಈ ಸೀಮೆಯ ಜನರ ಚರ್ಮ ಏರಿದ್ದು ಮಾತ್ರ ಸಿನಿಮಾ ಹುಟ್ಟುವುದಕ್ಕೂ ಬಹಳ ಮೊದಲು.

ಹಚ್ಚಿ, ಹಣಚಿಬೊಟ್ಟು ಎಂದು ಇಲ್ಲಿನವರು ಕರೆಯುವ ಹಳೆಯ ಹಚ್ಚೆ ಹೆಂಗಸರದು. ಹಾಕುತ್ತಿದ್ದವರೂ ಹೆಂಗಸರೇ. ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದ ಕೊರವರ ಹೆಣ್ಣುಮಕ್ಕಳು ಈ ಕಸುಬಿಗೆ ಹೆಸರಾದವರು. ಕಿಳ್ಳೇಕ್ಯಾತರ ಹೆಣ್ಣುಮಕ್ಕಳೂ ಅದನ್ನು ಬಲ್ಲವರು. ದೀಪದ ಮಸಿಗೆ ಗರಗದ ಸೊಪ್ಪಿನ ರಸವನ್ನೋ ಎದೆಹಾಲನ್ನೋ ಸೇರಿಸಿ ಬಣ್ಣ ಕಲಸುತ್ತಿದ್ದರು. ಮೂರು ನಾಲ್ಕು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚುತ್ತಿದ್ದರು. ಹಾಕಿಸಿಕೊಳ್ಳುವವಳ ಗಮನ ನೋವಿನ ಕಡೆ ಹೋಗದಂತೆ ಹಾಡು ಹೇಳುತ್ತಿದ್ದರು, ಮುಗಿದ ಮೇಲೆ ಅರಿಸಿನ ಎಣ್ಣೆ ಸವರುತ್ತಿದ್ದರು. ಕೂಲಿಯೆಂದರೆ ಒಂದಿಷ್ಟು ಜೋಳ, ಹಳೆಯ ಸೀರೆ, ಕೈಗೆ ಸಿಕ್ಕ ಚಿಲ್ಲರೆ. ಗದ್ದದ ಮೇಲೆ ಬೊಟ್ಟು, ಮುಂಗೈ ಮೇಲೆ ಚೇಳು, ತುಳಸಿಕಟ್ಟೆ, ಬಾಸಿಂಗ, ತೊಟ್ಟಿಲು. ತೊಟ್ಟಿಲಾದರೆ ಅದು ರಾಮನದು, ಸೆರಗಾದರೆ ಸೀತೆಯದು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ನಡೆದುಕೊಂಡ ಹೆಣ್ಣುಮಗಳು ಆ ಹೆಸರನ್ನು ಕೈಮೇಲೆ ಬರೆಸಿಕೊಂಡು, ಕೇಳಿದವರಿಗೆ ಕೈ ಮುಂದೆ ಮಾಡುವುದೂ ಇತ್ತು. ಸತ್ತ ಮೇಲೆ ಮೈಮೇಲಿನ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಹಚ್ಚಿಯನ್ನು ಬಿಚ್ಚಿಕೊಳ್ಳಲು ಬರುವುದಿಲ್ಲ ಎಂಬ ಮಾತನ್ನು ಹಳ್ಳಿಯ ಮುದುಕಿಯರು ಈಗಲೂ ಆಡುತ್ತಾರೆ.

ಕಿಳ್ಳೇಕ್ಯಾತರ ವಿಷಯ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು. ಇದು ತೊಗಲುಗೊಂಬೆಯಾಟದ ಸಮುದಾಯ. ರಾತ್ರಿ ಊರ ಬಯಲಲ್ಲಿ ಬಿಳಿ ಪರದೆ ಕಟ್ಟಿ, ಹಿಂದೆ ದೀಪವಿಟ್ಟು, ಹದ ಮಾಡಿದ ತೊಗಲಿನ ಬಣ್ಣದ ಗೊಂಬೆಗಳಲ್ಲಿ ರಾಮಾಯಣ, ಮಹಾಭಾರತ ಆಡಿಸುವವರು. ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಜೋಡಿಯಿಂದ ನಗಿಸುವವರು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಈ ಕಲೆಯನ್ನು ತೊಂಬತ್ತು ದಾಟಿದ ಮೇಲೂ ಕೈಬಿಡದೆ 2025ರಲ್ಲಿ ಪದ್ಮಶ್ರೀ ಪಡೆದರು. ರಾತ್ರಿ ತೊಗಲಿನ ಮೇಲೆ ರಾಮ ಸೀತೆಯರನ್ನು ಆಡಿಸಿದ ಬಳಗ, ಹಗಲು ಜನರ ತೊಗಲಿನ ಮೇಲೆ ಅವರ ತೊಟ್ಟಿಲು ಸೆರಗುಗಳನ್ನು ಇಳಿಸುತ್ತಿತ್ತು. ಪರದೆಯ ಮೇಲೆ ಕಂಡು ಮನಸೋತದ್ದನ್ನು ಮೈಮೇಲೆ ಉಳಿಸಿಕೊಳ್ಳುವ ಆಸೆ ಗಂಗಾವತಿಯ ಟಾಕೀಸಿನಲ್ಲಿ ಹುಟ್ಟಿದ್ದಲ್ಲ ಎನ್ನಲು ಇಷ್ಟು ಸಾಕು. ಹಳೆಯ ನಾಯಕ ಎಲ್ಲರಿಗೂ ಒಬ್ಬನೇ ಆಗಿದ್ದ. ಈಗ ಆರಿಸಿಕೊಳ್ಳಬೇಕು, ಆರಿಸಿಕೊಂಡ ಮೇಲೆ ಇನ್ನೊಬ್ಬನ ಅಭಿಮಾನಿಗಳೊಂದಿಗೆ ವಾದಿಸಬೇಕು. ಬದಲಾವಣೆ ಎಂದರೆ ಮುಖ್ಯವಾಗಿ ಇದು.

ಗಂಡಸರ ಕೈಗೆ ಹಚ್ಚೆ ಹೇರಳವಾಗಿ ಬಂದದ್ದು ಯಂತ್ರದೊಂದಿಗೆ. ಎಡಿಸನ್ ಕಾಗದಕ್ಕೆ ತೂತು ಹೊಡೆದು ಪ್ರತಿ ತೆಗೆಯಲೆಂದು 1876ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಲೇಖನಿಯ ತತ್ವವನ್ನೇ ಹಿಡಿದು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ 1891ರಲ್ಲಿ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ಮರಿಮಕ್ಕಳಂಥ ಯಂತ್ರಗಳು ಬ್ಯಾಟರಿ ಕಟ್ಟಿಕೊಂಡು ನಮ್ಮ ಜಾತ್ರೆಗಳಿಗೆ ಬಂದವು. ಕೊಪ್ಪಳದ ಗವಿಮಠದ ಜಾತ್ರೆ, ಹುಲಿಗೆಮ್ಮನ ಜಾತ್ರೆ, ಕನಕಗಿರಿಯ ತೇರು ಇಂಥ ಕಡೆ ಬಳೆ, ಬೆಂಡು ಬತ್ತಾಸಿನ ಅಂಗಡಿಗಳ ಪಕ್ಕ ನೆಲದ ಮೇಲೆ ಚಿತ್ರದ ಹಲಗೆ ಹರಡಿ ಕೂರುವ ಹಚ್ಚೆಯವರು ಈ ಯಂತ್ರದವರೇ. ಹಲಗೆಯಲ್ಲಿ ಶಿವಲಿಂಗ, ಓಂ, ಗುಲಾಬಿ, ಬಾಣ ಚುಚ್ಚಿದ ಹೃದಯ ಇರುತ್ತವೆ. ಒಂದೇ ಸೂಜಿ, ಒಂದೇ ಬಣ್ಣದ ಬಟ್ಟಲು, ಸರದಿಯಲ್ಲಿ ನಿಂತ ಹತ್ತಾರು ಕೈ. ಇಂದಿನ ವೈದ್ಯರಿಗೆ ಇದು ಕನಸಿನಲ್ಲೂ ಬೆಚ್ಚಿಬೀಳಿಸುವ ನೋಟ.

ಸಿನಿಮಾ ಕೂಡ ಹಚ್ಚೆಗೆ ಹೊಸ ಅರ್ಥ ಕೊಟ್ಟಿತು. 1975ರ ಹಿಂದಿ ಚಿತ್ರ 'ದೀವಾರ್'ನಲ್ಲಿ ಅಮಿತಾಭ್ ಬಚ್ಚನ್ ಪಾತ್ರದ ಕೈಮೇಲೆ ಊರವರು ಬಲವಂತವಾಗಿ ಬರೆಸಿದ, ತಂದೆ ಕಳ್ಳನೆಂಬ ಬರಹವೇ ಕಥೆಯನ್ನು ನಡೆಸುತ್ತದೆ. 2005ರ ತಮಿಳು 'ಗಜಿನಿ', 2008ರ ಅದರ ಹಿಂದಿ ರೂಪ ಬಂದ ಮೇಲೆ ಎದೆ ತುಂಬ ಬರಹ ಇದ್ದವನೂ ನಾಯಕನಾಗಬಲ್ಲ ಎಂದಾಯಿತು. ಅಲ್ಲಿಯವರೆಗೆ ಹಚ್ಚೆ ಹಾಕಿಸಿಕೊಂಡ ಹುಡುಗನನ್ನು ಹೆಣ್ಣು ಕೊಡುವವರು ಎರಡು ಸಲ ನೋಡುತ್ತಿದ್ದರು. ಈಗಲೂ ನೋಡುತ್ತಾರೆ, ಆದರೆ ಕೇಳುವುದು ಅದು ಯಾರ ಚಿತ್ರ ಎಂದು.

ಕರ್ನಾಟಕದಲ್ಲಿ ಅಭಿಮಾನಿ ಹಚ್ಚೆಯ ಅತಿ ದೊಡ್ಡ ಅಲೆ ಎದ್ದದ್ದು ಒಂದು ಸಾವಿನಿಂದ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಮೇಲಿನ ವಾರಗಳಲ್ಲಿ ರಾಜ್ಯದ ಊರೂರುಗಳಲ್ಲಿ ಅವರ ಮುಖ, 'ಅಪ್ಪು' ಎಂಬ ಹೆಸರು, ಹುಟ್ಟಿದ ಮತ್ತು ತೀರಿದ ದಿನಗಳು ತೋಳುಗಳನ್ನು ಏರಿದವು. ಕೊಪ್ಪಳದ ಪಕ್ಕದ ಹೊಸಪೇಟೆಯಲ್ಲಿ ಅಭಿಮಾನಿಗಳು 2022ರ ಜೂನ್‌ನಲ್ಲಿ ಅವರ ಪ್ರತಿಮೆಯನ್ನೇ ನಿಲ್ಲಿಸಿದರು. ಪ್ರತಿಮೆಗೆ ಚಂದಾ ಬೇಕು, ಜಾಗ ಬೇಕು, ನಗರಸಭೆಯ ಒಪ್ಪಿಗೆ ಬೇಕು. ಹಚ್ಚೆಗೆ ಬೇಕಾದದ್ದು ಒಂದು ಮಧ್ಯಾಹ್ನ ಮತ್ತು ಒಂದು ತೋಳು. ಮನೆಯವರು ತೀರಿದಾಗ ಫೋಟೋಕ್ಕೆ ಹಾರ ಹಾಕಿ ಗೋಡೆಗೆ ತೂಗುಹಾಕುವ ಜನ ಇವರು; ಅಪ್ಪು ಫೋಟೋಕ್ಕೂ ಎಷ್ಟೋ ಮನೆಗಳಲ್ಲಿ ಅದೇ ಗೋಡೆ ಸಿಕ್ಕಿತು, ಹುಡುಗರ ರಟ್ಟೆ ಸಿಕ್ಕಿತು. ಶೋಕದ ಈ ಹಚ್ಚೆಯಲ್ಲಿ ಪ್ರದರ್ಶನಕ್ಕಿಂತ ನಂಟಸ್ತಿಕೆಯೇ ಹೆಚ್ಚು. ತೆರೆಯ ಮೇಲಷ್ಟೇ ಕಂಡವರನ್ನು ಅಣ್ಣ, ಅಪ್ಪು, ಶಿವಣ್ಣ ಎಂದು ಕರೆದು ರೂಢಿಯಾದ ನಾಡಿನಲ್ಲಿ ಗಂಡನ ಹೆಸರಿದ್ದ ಜಾಗಕ್ಕೆ ಅಣ್ಣನ ಹೆಸರು ಬಂದು ಕೂತಿದೆ.

ಎಲ್ಲ ಹೆಸರುಗಳೂ ಮನುಷ್ಯರ ಹೆಸರುಗಳಲ್ಲ ಎಂಬುದು ಇನ್ನೊಂದು ಸ್ವಾರಸ್ಯ. 'ಕಿಚ್ಚ' ಎನ್ನುವುದು 2001ರ 'ಹುಚ್ಚ' ಚಿತ್ರದಲ್ಲಿ ಸುದೀಪ್ ಮಾಡಿದ ಪಾತ್ರದ ಹೆಸರು. 'ರಾಕಿ' ಎನ್ನುವುದು 2018 ಮತ್ತು 2022ರ ಎರಡು 'ಕೆಜಿಎಫ್' ಚಿತ್ರಗಳಲ್ಲಿ ಯಶ್ ಪಾತ್ರದ್ದು. ಗಡ್ಡ, ಕೂದಲು, ಕೈಯಲ್ಲಿ ಬಂದೂಕು ಅಥವಾ ಸುತ್ತಿಗೆ ಇದ್ದರೆ ಸಾಕು, ಮುಖ ತುಸು ಹೆಚ್ಚುಕಡಿಮೆಯಾದರೂ ಅದು ರಾಕಿಯೇ. ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿರುವ ಗಂಗಾವತಿ, ಕಾರಟಗಿ ಕಡೆ ತೆಲುಗು ನಟರ ಅಭಿಮಾನಿಗಳೂ ದಂಡಿಯಾಗಿದ್ದಾರೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋಗುವ ಹುಡುಗರಲ್ಲಿ ಕೆಲವರಾದರೂ ಮೊದಲ ಹಚ್ಚೆ ಹಾಕಿಸಿಕೊಳ್ಳುವುದು ಆ ಊರುಗಳಲ್ಲಿ. ಹಬ್ಬಕ್ಕೆ ಬಂದಾಗ ಅವ್ವ ಬೈಯುತ್ತಾಳೆ. ಅವಳ ಗದ್ದದ ಮೇಲೆ ಮೂರು ಬೊಟ್ಟು ಇದ್ದರೂ ಬೈಯುತ್ತಾಳೆ.

ನಾಯಕನೇ ತಿರುಗಿ ಅಭಿಮಾನಿಗಳನ್ನು ಮೈಮೇಲೆ ಬರೆಸಿಕೊಂಡ ಪ್ರಸಂಗವೂ ಉಂಟು. ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನು ದೇವರೆಂದು ಕರೆದಿದ್ದರು. ದರ್ಶನ್ ತಮ್ಮವರನ್ನು ಸೆಲೆಬ್ರಿಟಿಗಳು ಎಂದು ಕರೆದು, 2023ರಲ್ಲಿ 'ನನ್ನ ಸೆಲೆಬ್ರಿಟೀಸ್' ಎಂದು ಎದೆಯ ಮೇಲೆ ಹಚ್ಚೆ ಹಾಕಿಸಿಕೊಂಡರು. ಮರುವರ್ಷ ಜೂನ್‌ನಲ್ಲಿ ಕೊಲೆ ಪ್ರಕರಣವೊಂದರ ಆರೋಪಿಯಾಗಿ ಅವರು ಬಂಧಿತರಾದಾಗ ಪರಪ್ಪನ ಅಗ್ರಹಾರದಲ್ಲಿ ಅವರಿಗೆ ಸಿಕ್ಕ ವಿಚಾರಣಾಧೀನ ಕೈದಿ ಸಂಖ್ಯೆ 6106. ಕೆಲವೇ ದಿನಗಳಲ್ಲಿ ಆ ಸಂಖ್ಯೆ ಬೈಕುಗಳ ಮೇಲೆ, ಆಟೋಗಳ ಮೇಲೆ, ಕೆಲವರ ಕೈಮೇಲೆ ಕಾಣಿಸಿತು. ಆಗಸ್ಟ್‌ನಲ್ಲಿ ಅವರನ್ನು ಬಳ್ಳಾರಿ ಜೈಲಿಗೆ ಸಾಗಿಸಿದಾಗ ಸಂಖ್ಯೆಯೂ ಬದಲಾಯಿತು, ಹಚ್ಚೆ ಬದಲಾಗುವಂಥದ್ದಲ್ಲ. ಜೈಲು ಒಬ್ಬನಿಗೆ ಗುರುತಿಗಾಗಿ ಕೊಟ್ಟ ಅಂಕಿಯನ್ನು ಹೊರಗಿರುವವರು ತಾವಾಗಿಯೇ ತೊಟ್ಟುಕೊಂಡದ್ದನ್ನು ನಿಷ್ಠೆ ಎನ್ನುವವರಿದ್ದಾರೆ. ಕೊಲೆಯಾದ ವ್ಯಕ್ತಿಯ ಮನೆಯವರಿಗೆ ಅದು ಹೇಗೆ ಕಂಡೀತು ಎಂಬುದು ಆ ಲೆಕ್ಕದಲ್ಲಿ ಬರಲಿಲ್ಲ.

ಕ್ರಿಕೆಟ್ಟಿನವರ ಹಚ್ಚೆ ಇದಕ್ಕಿಂತ ಸಲೀಸು. ವಿರಾಟ್ ಕೊಹ್ಲಿಯೇ ಮೈತುಂಬ ಹಚ್ಚೆಯುಳ್ಳ ಆಟಗಾರ: ತಂದೆ ತಾಯಿಯ ಹೆಸರು, ಶಿವ, ಸಮುರಾಯ್ ಯೋಧ, ಜೊತೆಗೆ ಟೆಸ್ಟ್ ಮತ್ತು ಏಕದಿನ ಕ್ಯಾಪ್ ಸಂಖ್ಯೆಗಳಾದ 269, 175. ಹೀಗಾಗಿ ಅವರ ಅಭಿಮಾನಿಗೆ ಎರಡು ದಾರಿ. ಕೊಹ್ಲಿಯ ಮುಖ ಹಾಕಿಸಿಕೊಳ್ಳಬಹುದು, ಇಲ್ಲವೇ ಕೊಹ್ಲಿ ಹಾಕಿಸಿಕೊಂಡದ್ದನ್ನೇ ಹಾಕಿಸಿಕೊಳ್ಳಬಹುದು. ಹೆಚ್ಚಿನವರು ಜೆರ್ಸಿಯ 18ಕ್ಕೇ ತೃಪ್ತರು. 2025ರ ಜೂನ್ 3ರಂದು ಆರ್‌ಸಿಬಿ ಕೊನೆಗೂ ಐಪಿಎಲ್ ಕಪ್ ಗೆದ್ದಾಗ, 'ಈ ಸಲ ಕಪ್ ನಮ್ದೇ' ಎಂದು ಹಿಂದೆಯೇ ಬರೆಸಿಕೊಂಡಿದ್ದವರ ಹಚ್ಚೆ ನಿಜವಾಯಿತು.

ಅಂಜನಾದ್ರಿಯ ನೆರಳಿನಲ್ಲಿರುವ ಗಂಗಾವತಿಯಲ್ಲಿ ಹನುಮಂತನ ಹಚ್ಚೆ ಹಳತೇ. ಅದರ ಮುಖ ಮಾತ್ರ ಹೊಸದು. ಹುಬ್ಬು ಗಂಟಿಕ್ಕಿ ಓರೆಯಾಗಿ ನೋಡುವ, ಅರ್ಧ ಕೇಸರಿ ಅರ್ಧ ಕಪ್ಪು ಹನುಮ ಈಗ ದೇಶದ ಉದ್ದಗಲ ಕಾರಿನ ಗಾಜಿನ ಮೇಲೆ ಇರುವವನು. ಅವನನ್ನು 2015ರಲ್ಲಿ ಬರೆದವರು ಕಾಸರಗೋಡಿನ ಕಲಾವಿದ ಕರಣ್ ಆಚಾರ್ಯ, ಅದೂ ಊರ ಗೆಳೆಯರು ಬಾವುಟಕ್ಕೊಂದು ಚಿತ್ರ ಕೇಳಿದರೆಂದು. ಅದೇ ಮುಖ ಸ್ಟಿಕರ್ ಆಯಿತು, ಟೀ ಶರ್ಟ್ ಆಯಿತು, ಹಚ್ಚೆಯಾಯಿತು. ಸಂಜೀವಿನಿ ಪರ್ವತ ಹೊತ್ತ, ಕೈಮುಗಿದ ಹನುಮ ಜಾತ್ರೆಯವರ ಹಲಗೆಯಲ್ಲಿ ಇದ್ದಾನೆ. ಹಚ್ಚೆ ಅಂಗಡಿಯಲ್ಲಿ ಹುಡುಗರು ಕೇಳುವುದು ಸಿಟ್ಟಿನವನನ್ನು. ದೇವರೂ ಪೋಸ್ಟರಿನ ಹಾಗೆ ಆದಾಗ ಭಕ್ತ ಯಾರು, ಅಭಿಮಾನಿ ಯಾರು ಎಂದು ವಿಂಗಡಿಸುವುದು ಕಷ್ಟ.

ಕಸುಬಿನ ಕಡೆಯಿಂದ ನೋಡಿದರೆ ಮುಖದ ಹಚ್ಚೆ ಅತ್ಯಂತ ಕಠಿಣವಾದದ್ದು. ಮೊಬೈಲಿನಲ್ಲಿ ತಂದ ಫೋಟೋವನ್ನು ಕಪ್ಪು ಬಿಳುಪು ಮಾಡಿ, ಗೆರೆಗಳನ್ನು ಸ್ಟೆನ್ಸಿಲ್ ಕಾಗದಕ್ಕೆ ಇಳಿಸಿ, ಚರ್ಮಕ್ಕೆ ಒತ್ತಿ, ಆಮೇಲೆ ನೆರಳು ತುಂಬುತ್ತಾರೆ. ಒಂದು ಬದಿಯಿಂದ ಬೆಳಕು ಬಿದ್ದ ಫೋಟೋ ಆದರೆ ಮುಖ ಎದ್ದು ಬರುತ್ತದೆ. ನೇರ ಫ್ಲ್ಯಾಶ್ ಬಿದ್ದದ್ದು ಚಪ್ಪಟೆ. ಅಂಗೈಗಿಂತ ಚಿಕ್ಕದಾದರೆ ಕೆಲವು ವರ್ಷಗಳಲ್ಲಿ ಕಣ್ಣು ಮೂಗು ಒಂದರೊಳಗೊಂದು ಸೇರಿಕೊಂಡು, ನಾಯಕ ಯಾವುದೋ ದೂರದ ಬಂಧುವಿನ ಹಾಗೆ ಕಾಣತೊಡಗುತ್ತಾನೆ. ಕನ್ನಡ ಅಕ್ಷರಕ್ಕೂ ಇದೇ ತೊಂದರೆ: ಒತ್ತಕ್ಷರ, ಗುಡಿಸು, ಕೊಂಬುಗಳ ನಡುವಿನ ಚಿಕ್ಕ ಕಿಂಡಿಗಳು ಬಣ್ಣ ಹರಡಿ ಮುಚ್ಚಿಹೋಗುತ್ತವೆ. 'ಅಪ್ಪು' ಎರಡೇ ಅಕ್ಷರ, ಒಂದೇ ಒತ್ತು ಇರುವುದರಿಂದ ಹಚ್ಚೆಯವರಿಗೆ ಅನುಕೂಲದ ಹೆಸರು.

ಬಣ್ಣ ಉಳಿಯುವುದು ಚರ್ಮದ ಎರಡನೆಯ ಪದರದಲ್ಲಿ. ಹೊರಗಿನ ವಸ್ತು ಬಂದಿತೆಂದು ನುಂಗಲು ಬರುವ ರಕ್ಷಕ ಜೀವಕೋಶಗಳು ಬಣ್ಣದ ಕಣಗಳನ್ನು ನುಂಗಿ ಅಲ್ಲಿಯೇ ಇರುತ್ತವೆ. ಅವು ಸತ್ತಾಗ ಹೊರಬೀಳುವ ಕಣಗಳನ್ನು ಹೊಸ ಕೋಶಗಳು ಮತ್ತೆ ನುಂಗುತ್ತವೆ ಎಂದು ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ತೆಗೆಸಲು ಲೇಸರ್ ಇದೆ. ಅದು ಕಣಗಳನ್ನು ಒಡೆಯುತ್ತದೆ, ಹಲವು ಸಲ ಹೋಗಬೇಕಾಗುತ್ತದೆ, ಕಪ್ಪು ಬೇಗ ಮಾಸಿದರೆ ಹಸಿರು ಹಳದಿ ಹಟ ಹಿಡಿಯುತ್ತವೆ. ಖರ್ಚು ಹಾಕಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಮನಸ್ಸು ಬದಲಾದವರು ಹಳೆಯದರ ಮೇಲೆ ಇನ್ನೂ ದೊಡ್ಡ, ಇನ್ನೂ ಕಪ್ಪಾದ ಚಿತ್ರ ಹಾಕಿಸಿ ಮುಚ್ಚಿಸುವುದೇ ಹೆಚ್ಚು. ಹದ್ದು, ಸಿಂಹ, ಶಿವನ ಜಡೆ ಇದಕ್ಕೆ ಒದಗುತ್ತವೆ.

ಸರ್ಕಾರಿ ನೌಕರಿ ಬಯಸುವವರಿಗೆ ಜಾಗದ ಆಯ್ಕೆ ಮುಖ್ಯ. ಭೂಸೇನೆಯ ಭರ್ತಿಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಮೈ ಮತ್ತು ಅಂಗೈಯ ಹಿಂಬದಿಯ ಹಚ್ಚೆಗೆ ಮಾತ್ರ ಒಪ್ಪಿಗೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನಿಯಮದಲ್ಲಿ ಧಾರ್ಮಿಕ ಚಿಹ್ನೆ ಮತ್ತು ಹೆಸರಿಗೆ ಅವಕಾಶವಿದ್ದರೂ ಸೆಲ್ಯೂಟ್ ಹೊಡೆಯದ ಎಡ ಮುಂಗೈಯ ಒಳಮೈಯಲ್ಲಿ, ಇಲ್ಲವೇ ಅಂಗೈಯ ಹಿಂಬದಿಯಲ್ಲಿ, ಆ ಅಂಗದ ಕಾಲು ಭಾಗಕ್ಕಿಂತ ಚಿಕ್ಕದಾಗಿ ಇರಬೇಕು. ರಟ್ಟೆಯ ಮೇಲಿನ ಸೂಪರ್‌ಸ್ಟಾರ್ ಈ ಎರಡು ಪಟ್ಟಿಯಲ್ಲೂ ಇಲ್ಲ.

ಶಾಯಿಯ ಮೇಲೆ ಇನ್ನೂ ಸರಿಯಾದ ಹತೋಟಿಯಿಲ್ಲ. ಪರೀಕ್ಷಿಸಿದ ಮಾದರಿಗಳಲ್ಲಿ 22 ಬಗೆಯ ಲೋಹಗಳು ಸಿಕ್ಕಿವೆ ಎಂದು ರಾಜ್ಯದ ಆರೋಗ್ಯ ಸಚಿವರು 2025ರ ಫೆಬ್ರುವರಿಯಲ್ಲಿ ಹೇಳಿ, ಗುಣಮಟ್ಟ ನಿಗದಿ ಮಾಡಲು ಕೇಂದ್ರಕ್ಕೆ ಪತ್ರ ಬರೆಯುವುದಾಗಿ ತಿಳಿಸಿದರು. ಸೂಜಿ ಬದಲಾಯಿಸದ ಕಡೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡುವ ಅಪಾಯ ಇರುವುದರಿಂದ ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಪುನೀತ್ ಹುಟ್ಟಿದ ದಿನವಾದ ಮಾರ್ಚ್ 17ಕ್ಕೆ ಅಭಿಮಾನಿ ಸಂಘಗಳು ರಕ್ತದಾನ ಶಿಬಿರ ಏರ್ಪಡಿಸುವುದು ವಾಡಿಕೆ. ಆ ದಿನಕ್ಕೆಂದೇ ಹೊಸದಾಗಿ ಅಪ್ಪು ಮುಖ ಹಾಕಿಸಿಕೊಂಡು ಬಂದವರನ್ನು ಶಿಬಿರದ ದಾದಿಯರು ಮುಂದಿನ ವರ್ಷ ಬನ್ನಿ ಎಂದು ಕಳಿಸಬೇಕಾಗುತ್ತದೆ.