ಬಹುವಚನದ ಅಬ್ಬಾ

ಎಂಟನೆಯ ತರಗತಿಯಲ್ಲಿದ್ದಾಗ 'ನನ್ನ ತಂದೆ' ಎಂಬ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆದುಕೊಂಡು ಬರಲು ಹೇಳಿದ್ದರು. ನಾನು ಬರೆದ ಮೊದಲ ಎರಡು ವಾಕ್ಯಗಳು ಇಂದಿಗೂ ನೆನಪಿವೆ. 'ಮೈ ಫಾದರ್ ಆರ್ ಎ ಟೈಲರ್. ದೇ ಸ್ಟಿಚ್ ಶರ್ಟ್ಸ್.' ಮೇಷ್ಟ್ರು ನನ್ನ ನೋಟುಪುಸ್ತಕವನ್ನು ಎತ್ತಿ ಹಿಡಿದು ಇಡೀ ತರಗತಿಗೆ ಓದಿ ಹೇಳಿದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಏನಯ್ಯಾ, ನಿನಗೆ ಎಷ್ಟು ಜನ ಅಪ್ಪಂದಿರು?" ಎಂದು ಕೇಳಿದರು.

ತರಗತಿ ಗೊಳ್ಳೆಂದು ನಕ್ಕಿತು. ಆ ಪ್ರಶ್ನೆಗೆ ಇರುವ ಇನ್ನೊಂದು ಅರ್ಥ ಗೊತ್ತಿದ್ದ ದೊಡ್ಡ ಹುಡುಗರು ಇನ್ನಷ್ಟು ಹೊತ್ತು ನಕ್ಕರು. ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಆ ವರ್ಷವಷ್ಟೇ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಸೇರಿದ್ದೆ. ಆ ಮಾತಿನ ಪೂರ್ತಿ ಅರ್ಥ ನನಗೆ ಹೊಳೆದದ್ದು ಸಂಜೆ ಮನೆಗೆ ನಡೆದು ಬರುವಾಗ. ಕಿವಿ ಬಿಸಿಯಾಯಿತು.

ಮೇಷ್ಟ್ರು ಕೆಟ್ಟವರಾಗಿರಲಿಲ್ಲ. ಫೀಸು ಕಟ್ಟಲಾಗದ ಹುಡುಗರಿಗೆ ತಾವೇ ಕಟ್ಟುತ್ತಿದ್ದ ಮನುಷ್ಯ. ನನ್ನ ತಪ್ಪನ್ನು ಅವರು ಸರಿಯಾಗಿಯೇ ಹಿಡಿದಿದ್ದರು. ಆದರೆ ಆ ತಪ್ಪು ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನಗೂ ಆಗ ಗೊತ್ತಿರಲಿಲ್ಲ.

ಈಗ ಗೊತ್ತಿದೆ. ನಮ್ಮ ಮನೆಯ ಮಾತು ದಖ್ನಿ. ಅಬ್ಬಾ ಬರುತ್ತಿದ್ದರೆ 'ಅಬ್ಬಾ ಆರೈಂ' ಎನ್ನಬೇಕು. ಅಪ್ಪಿತಪ್ಪಿ 'ಆರಾ' ಎಂದರೆ ಅಮ್ಮಿಯ ಕೈಯಲ್ಲಿದ್ದ ಸೌಟು ಬೆನ್ನಿಗೆ ಬೀಳುತ್ತಿತ್ತು. ಶಾಲೆಯ ಉರ್ದುವಿನಲ್ಲಿ 'ಅಬ್ಬಾ ಆತೇ ಹೈಂ'. ಕನ್ನಡದಲ್ಲಿ 'ತಂದೆಯವರು ಬರುತ್ತಾರೆ'. ಅಪ್ಪನಿಗೆ ಏಕವಚನವೇ ಸಲಿಗೆಯಾಗಿರುವ ಕನ್ನಡದ ಮನೆಗಳೂ ಇವೆ. ನಮ್ಮ ಮನೆ ಹಾಗಿರಲಿಲ್ಲ. ನಾನು ಕಲಿತ ಮೂರು ಮಾತುಗಳೂ ಒಬ್ಬನೇ ಅಬ್ಬಾನಿಗೆ ಬಹುವಚನದ ಕ್ರಿಯಾಪದವನ್ನು ಕೊಟ್ಟಿದ್ದವು. ನಾಲ್ಕನೆಯ ಭಾಷೆಗೆ ಹೋದಾಗ ನಾನೂ ಅದನ್ನೇ ಕೊಟ್ಟೆ. ಆ 'ಆರ್' ಎಂಬುದು ನನ್ನ ಅಜ್ಞಾನವಾಗಿತ್ತು, ನಿಜ. ಅದು ಅಮ್ಮಿ ಕಲಿಸಿದ ಅದಬೂ ಆಗಿತ್ತು.

ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಾಣಿಕೆ ತಪ್ಪಿ ನಾನು ಬೈಸಿಕೊಂಡದ್ದು ಅದೇ ಮೊದಲಲ್ಲ. ಉರ್ದು ಶಾಲೆಯಲ್ಲಿ 'ಮೈಂ ರೋಟೀ ಖಾಯಾ' ಎಂದಿದ್ದಕ್ಕೆ ಉಸ್ತಾದರು ಕಿವಿ ಹಿಂಡಿ, 'ಮೈಂನೇ ರೋಟೀ ಖಾಯೀ' ಎನ್ನು ಎಂದಿದ್ದರು. ರೊಟ್ಟಿ ತಿಂದವನು ಹುಡುಗ. ಆದರೆ ರೊಟ್ಟಿ ಸ್ತ್ರೀಲಿಂಗ, ಪುಸ್ತಕದ ಉರ್ದುವಿನ ಭೂತಕಾಲದಲ್ಲಿ ಕ್ರಿಯಾಪದ ಹೋಗಿ ನಿಲ್ಲುವುದು ರೊಟ್ಟಿಯ ಪಕ್ಕದಲ್ಲಿ! ನಮ್ಮ ದಖ್ನಿಯಲ್ಲಿ ಅದು ತಿಂದವನ ಪಕ್ಕದಲ್ಲೇ ಉಳಿದುಕೊಂಡಿದೆ. ಕನ್ನಡದಲ್ಲಿ ಬಂದನು, ಬಂದಳು, ಬಂತು, ಬಂದರು, ಬಂದವು ಎಂದು ಎಷ್ಟೊಂದು ರೂಪಗಳು. ಇಷ್ಟನ್ನೆಲ್ಲ ದಾಟಿ ಬಂದ ಹುಡುಗನಿಗೆ ಇಂಗ್ಲಿಷಿನದು ಸುಲಭವಾಗಬೇಕಿತ್ತು. ವರ್ತಮಾನದಲ್ಲಿ ಹಿ, ಶಿ, ಇಟ್ ಬಂದಾಗ ಕ್ರಿಯಾಪದಕ್ಕೆ ಒಂದು 'ಎಸ್' ಅಂಟಿಸಿದರೆ ಮುಗಿಯಿತು. ಭೂತಕಾಲದಲ್ಲಿ 'ವಾಸ್, ವರ್' ಬಿಟ್ಟರೆ ಅದೂ ಇಲ್ಲ.

ಆದರೆ ಆ ಒಂದು 'ಎಸ್' ಎಷ್ಟು ಜನರನ್ನು ಎಡವಿಸಿದೆ! ಹೆಸರಿನ ಕೊನೆಗೆ ಬಂದರೆ ಬಹುವಚನ, ಕ್ರಿಯಾಪದದ ಕೊನೆಗೆ ಬಂದರೆ ಏಕವಚನ. 'ಎ ಬಾಯ್ ರನ್ಸ್', 'ಬಾಯ್ಸ್ ರನ್'. ಒಂದೇ ಗುಂಡಿ, ಒಂದು ಕಡೆ ಹಚ್ಚಿದರೆ ಇನ್ನೊಂದು ಕಡೆ ಬಿಚ್ಚಬೇಕು. 'ನಾಟ್' ಬಂತೆಂದರೆ ಅದು 'ಗೋಸ್'ನಿಂದ ಹಾರಿ 'ಡಸ್'ನಲ್ಲಿ ಕೂರುತ್ತದೆ: 'ಹಿ ಡಸ್ ನಾಟ್ ಗೋ'. 'ದ ಬಾಸ್ಕೆಟ್ ಆಫ್ ಮ್ಯಾಂಗೋಸ್' ಎಂದ ಮೇಲೆ 'ಈಸ್' ಬರೆಯಬೇಕೋ 'ಆರ್' ಬರೆಯಬೇಕೋ ಎಂದು ಪದವೀಧರರೂ ತಡವರಿಸುತ್ತಾರೆ. ಕನ್ನಡದಲ್ಲಿ 'ಮಾವಿನಹಣ್ಣುಗಳ ಬುಟ್ಟಿ ಭಾರವಾಗಿದೆ' ಎನ್ನುವಾಗ ಯಾರೂ ತಪ್ಪುವುದಿಲ್ಲ. ಏಕೆಂದರೆ ನಮ್ಮಲ್ಲಿ ಹಣ್ಣುಗಳು ಮೊದಲು ಬಂದು, ಬುಟ್ಟಿ ಕ್ರಿಯಾಪದದ ಮಗ್ಗುಲಲ್ಲೇ ಕೂರುತ್ತದೆ. ಇಂಗ್ಲಿಷಿನಲ್ಲಿ ಬುಟ್ಟಿ ಮುಂದೆ ಹೋಗಿಬಿಡುತ್ತದೆ, ನಡುವೆ ಹಣ್ಣುಗಳು ನುಗ್ಗುತ್ತವೆ. ಭಾರವಾಗಿರುವುದು ಯಾವುದು ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ಬುಟ್ಟಿ, ಹಾಗಾದರೆ 'ಈಸ್'. 'ಒನ್ ಆಫ್ ಮೈ ಫ್ರೆಂಡ್ಸ್' ಎಂದಾಗಲೂ ಮಾತು ಒಬ್ಬನ ಬಗ್ಗೆ, ಗೆಳೆಯರ ಗುಂಪಿನ ಬಗ್ಗೆ ಅಲ್ಲ. ಇಷ್ಟನ್ನು ಯಾರಾದರೂ ಹೀಗೆ ಹೇಳಿಕೊಟ್ಟಿದ್ದರೆ ನನ್ನ ಎಷ್ಟೋ ವರ್ಷಗಳು ಉಳಿಯುತ್ತಿದ್ದವು.

ಆ ರಾತ್ರಿ ನಾನು ಅಬ್ಬಾನ ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತು ಐದೂ ವಾಕ್ಯಗಳನ್ನು ತಿದ್ದಿ ಬರೆದೆ. 'ಮೈ ಫಾದರ್ ಈಸ್ ಎ ಟೈಲರ್. ಹಿ ಸ್ಟಿಚಸ್ ಶರ್ಟ್ಸ್.' ಬರೆದ ಮೇಲೆ, ಅಬ್ಬಾನ ಎದುರಿನಲ್ಲೇ ಅವರನ್ನು 'ಅವನು' ಎಂದು ಕರೆದಂತಾಗಿ ಪೆನ್ನು ಕೆಳಗಿಟ್ಟೆ. ಏನು ಎಂದು ಅವರು ಕೇಳಿದರು. ಇಂಗ್ಲಿಷಿನಲ್ಲಿ ನಿಮ್ಮನ್ನು ಬಹುವಚನದಲ್ಲಿ ಬರೆಯುವಂತಿಲ್ಲವಂತೆ ಎಂದೆ. ಮೇಷ್ಟ್ರ ಪ್ರಶ್ನೆಯನ್ನು ಹೇಳಲಿಲ್ಲ.

ಅಬ್ಬಾ ಪೆಡಲ್ ನಿಲ್ಲಿಸಿದರು. "ಗಿರಾಕಿಯ ಅಂಗಿಯನ್ನು ಗಿರಾಕಿಯ ಅಳತೆಗೇ ಹೊಲಿಯಬೇಕು ಬೇಟಾ. ನನ್ನ ಅಳತೆಗೆ ಹೊಲಿದರೆ ಅವನಿಗೆ ಆಗುತ್ತದೆಯೇ?" ಎಂದರು. ಒಳಗಿನಿಂದ ಅಮ್ಮಿ, "ದುಆದಲ್ಲಿ ಅಲ್ಲಾಹನಿಗೆ ನಾವು 'ತೂ' ಅಂತೀವಲ್ಲ, ಅದರಲ್ಲಿ ಅದಬ್ ಇಲ್ವಾ?" ಎಂದರು. ಇಬ್ಬರೂ ಇಂಗ್ಲಿಷ್ ಕಲಿತವರಲ್ಲ. ಅಂದಿನಿಂದ ನಾನು 'ಎಸ್' ಹಾಕುವುದನ್ನು ಮರೆತಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷಗಳು ಕಳೆದವು. ನನ್ನ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾಳೆ. ಅವಳಿಗೆ ಆ 'ಎಸ್' ಎಂದೂ ತಪ್ಪುವುದಿಲ್ಲ. ಕಳೆದ ರಮಝಾನಿನ ಒಂದು ಸಂಜೆ ಬಾಗಿಲು ತೆರೆದವಳು ಅಲ್ಲಿಂದಲೇ ಕೂಗಿದಳು: "ಅಬ್ಬು, ದಾದಾ ಆಯಾ!"

ದಾದಾ 'ಬಂದ'! "ದಾದಾ ಏನು ನಿನ್ನ ಕ್ಲಾಸ್‌ಮೇಟಾ?" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇಫ್ತಾರಿಗೆ ನೆಂಟರು ಸೇರಿದ್ದರು. ನಾನು ಕೇಳಿದ್ದರೆ ಎಲ್ಲರೂ ನಗುತ್ತಿದ್ದರು. ಆ ಕ್ಷಣ ನನಗೆ ಎಂಟನೆಯ ತರಗತಿಯ ನಗು ಕೇಳಿಸಿತು. ನಾನು ಸುಮ್ಮನಾದೆ.

ಊಟವಾದ ಮೇಲೆ ಅವಳನ್ನು ಕೂರಿಸಿಕೊಂಡು ನನ್ನ ಐದು ವಾಕ್ಯಗಳ ಕತೆ ಹೇಳಿದೆ. ಅವಳು ನಗಲಿಲ್ಲ. "ಹಾಗಾದರೆ ಇಂಗ್ಲಿಷಿನವರಿಗೆ ಅವರ ದಾದಾ ಮೇಲೆ ಮರ್ಯಾದೆ ಇಲ್ವಾ?" ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಒಬ್ಬನಿಗೆ 'ದೌ', ಹಲವರಿಗೆ 'ಯು' ಎಂಬ ವ್ಯತ್ಯಾಸವಿತ್ತು. ಫ್ರೆಂಚರ ರೂಢಿಯ ಪ್ರಭಾವದಿಂದ ದೊಡ್ಡವರೊಬ್ಬರನ್ನು ಕರೆಯಲೂ ಬಹುವಚನದ 'ಯು' ಬಂತು, ಥೇಟ್ ನಮ್ಮ 'ನೀವು' ಮತ್ತು 'ಆಪ್' ಹಾಗೆ. 17ನೆಯ ಶತಮಾನದಲ್ಲಿ ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಸಮಾನರೆಂದು ಶ್ರೀಮಂತರಿಗೂ ಅಧಿಕಾರಿಗಳಿಗೂ 'ದೌ' ಎಂದೇ ಹೇಳಿ ಬೈಗುಳ ತಿಂದರು. ಕೊನೆಗೆ ಗೆದ್ದದ್ದು 'ಯು'. ಅದು ಎಲ್ಲರಿಗೂ ಸಲ್ಲುವ ಮಾತಾಯಿತು. ಒಬ್ಬರೇ ಎದುರಿಗಿದ್ದರೂ 'ಯು ಆರ್' ಎನ್ನುತ್ತೇವೆಯೇ ಹೊರತು 'ಯು ಈಸ್' ಎನ್ನುವುದಿಲ್ಲವಲ್ಲ, ಅದು ಆ ಹಳೆಯ ಬಹುವಚನದ ಗುರುತು. ಇನ್ನು 'ಎಸ್' ಕೂಡ ಆಕಾಶದಿಂದ ಇಳಿದದ್ದಲ್ಲ. 1611ರ ಇಂಗ್ಲಿಷ್ ಬೈಬಲಿನಲ್ಲಿ 'ಗೋಸ್' ಬದಲು 'ಗೋಎತ್' ಎಂದಿದೆ. 'ಎಸ್' ಇಂಗ್ಲೆಂಡಿನ ಉತ್ತರದ ಆಡುಮಾತಿನಿಂದ ಇಳಿದು ಬಂದದ್ದು. ಅದೇ ದೇಶದ ಪೂರ್ವದಲ್ಲಿರುವ ನಾರ್ಫೋಕ್‌ನ ಹಳ್ಳಿಯವರ ಮಾತಿನಲ್ಲಿ 'ಹಿ ಗೋ' ಎಂಬ ರೂಪವೇ ರೂಢಿಯಾಗಿತ್ತು. ನಮ್ಮ ಮಕ್ಕಳು ಯಾವುದಕ್ಕೆ ಪೆಟ್ಟು ತಿನ್ನುತ್ತಾರೋ ಅದು ಇಂಗ್ಲಿಷರದೇ ಕೆಲವು ಅಜ್ಜಿಯರ ಮನೆಮಾತು.

ಹಾಗೆಂದು ಪರೀಕ್ಷೆಯಲ್ಲಿ 'ಹಿ ಗೋ' ಬರೆಯಿರಿ ಎನ್ನುತ್ತಿಲ್ಲ. ಒಂದು ಅರ್ಜಿಯಲ್ಲಿ 'ಎಸ್' ಬಿಟ್ಟುಹೋದರೆ ಕೆಲಸ ಕೈತಪ್ಪುವ ಕಾಲ ಇದು. ಅದರಲ್ಲೂ ಮೊದಲ ತಲೆಮಾರಿಗೆ ಶಾಲೆ ಕಂಡ ಮಕ್ಕಳಿಗೆ ಆ ಅಳತೆ ಸರಿಯಾಗಿ ಬರಲೇಬೇಕು. ತಪ್ಪನ್ನು ತಿದ್ದಬೇಕು. ಆದರೆ ತಿದ್ದುವ ಮೊದಲು, ಆ ತಪ್ಪು ಯಾವ ಮನೆಯಿಂದ ಹೊರಟು ಬಂತು ಎಂದು ಒಮ್ಮೆ ವಿಚಾರಿಸಬೇಕು. ಬಹಳ ಸಲ ಅದು ಒಳ್ಳೆಯ ಮನೆಯಿಂದಲೇ ಬಂದಿರುತ್ತದೆ.

ಮಗಳು ಎದ್ದು ದಾದಾನ ಬಳಿ ಹೋದಳು. ಅವರಿಗೆ ಈಗ ಕಣ್ಣು ಮಂಜು. ಆದರೂ ಅವಳ ಸಮವಸ್ತ್ರದ ಗುಂಡಿಯನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. "ದಾದಾ, ಯು ಆರ್ ಎ ಗುಡ್ ಟೈಲರ್" ಎಂದಳು. ಅಬ್ಬಾನಿಗೆ ಟೈಲರ್ ಎಂಬುದೊಂದೇ ಅರ್ಥವಾಯಿತು. ನನ್ನ ಕಡೆ ತಿರುಗಿ, "ಏನಂತಾಳೆ?" ಎಂದರು.

"ನೀವು ಒಳ್ಳೆಯ ದರ್ಜಿ ಅಂತಾಳೆ" ಎಂದೆ. "ಬಹುವಚನದಲ್ಲೇ ಹೇಳಿದ್ದಾಳೆ."

ಅವರು ತಲೆದೂಗಿ ಮತ್ತೆ ಸೂಜಿಗೆ ದಾರ ಪೋಣಿಸತೊಡಗಿದರು. ಮೇಷ್ಟ್ರ ಆ ಪ್ರಶ್ನೆಯನ್ನು ನಾನು ಅವರಿಗೆ ಇವತ್ತಿಗೂ ಹೇಳಿಲ್ಲ.