ನಾಲ್ಕೂವರೆಗೆ ಮುಳುಗುವ ಸೂರ್ಯ

ಪುಣೆಯ ಆ ದಂಪತಿಗೆ ಸಿಕ್ಕಿದ್ದು ಡಿಸೆಂಬರಿನ ಏಳು ದಿನ. ಆತ ರೋಮ್, ಫ್ಲಾರೆನ್ಸ್, ವೆನಿಸ್, ಮಿಲಾನ್ ಎಂದು ಬರೆದುಕೊಂಡರು. ರೈಲುಗಳು ಹಾಗೇ ಆಸೆ ಹುಟ್ಟಿಸುತ್ತವೆ: ರೋಮ್‌ನಿಂದ ಫ್ಲಾರೆನ್ಸಿಗೆ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಚಿಲ್ಲರೆ.

"ಅಲ್ಲಿ ಎಷ್ಟು ಹೊತ್ತಿಗೆ ಕತ್ತಲಾಗುತ್ತೆ ರೀ?" ಎಂದರು ಆಕೆ.

ವೆನಿಸ್‌ನಲ್ಲಿ ಆಗ ನಾಲ್ಕೂವರೆಗೇ ಸೂರ್ಯಾಸ್ತ. ಊರು ಬದಲಿಸಿದ ದಿನ ಅರ್ಧ ಬೆಳಕು ಸೂಟ್‌ಕೇಸಿಗೇ ಹೋಗುತ್ತದೆ. ಮಂಡಿ ಶಸ್ತ್ರಚಿಕಿತ್ಸೆಯಾಗಿ ವರ್ಷ ತುಂಬದ ಆಕೆಗೆ ಮೆಟ್ಟಿಲುಗಳಿರುವ ಸೇತುವೆಗಳ ಭಯ ಬೇರೆ. ಮಿಲಾನ್ ಬಿಟ್ಟರು. ವೆನಿಸ್‌ನ ಸಾಂತಾ ಲುಚಿಯಾ ನಿಲ್ದಾಣದ ಎದುರೇ ವಪೊರೆತ್ತೊ, ಅಂದರೆ ದೋಣಿ ಬಸ್ಸು, ಸಿಗುತ್ತದೆ. ಇಳಿದ ಮೇಲೆ ಸೇತುವೆ ಹತ್ತಬೇಕಿಲ್ಲದ ಕಡೆ ಕೋಣೆ ಹಿಡಿದರು.

ವೇಗದ ರೈಲಿನ ಟಿಕೆಟ್ ತಡಮಾಡಿದಷ್ಟೂ ದುಬಾರಿ, ಅದನ್ನು ಮೊದಲೇ ಕೊಂಡರು. ಪ್ರಾದೇಶಿಕ ರೈಲಿನ ದರ ಏರುವುದಿಲ್ಲ. ಆದರೆ ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ಯಂತ್ರದ ಮುದ್ರೆ ಬೀಳದಿದ್ದರೆ ದಂಡ. ಮುಷ್ಕರವಾದರೆ? ಕೆಲಸದ ದಿನಗಳಲ್ಲಿ ಬೆಳಿಗ್ಗೆ, ಸಂಜೆ 6ರಿಂದ 9ರವರೆಗೆ ಮುಖ್ಯ ಪ್ರಾದೇಶಿಕ ರೈಲುಗಳು ಓಡುತ್ತವೆ. ಕ್ರಿಸ್‌ಮಸ್ ದಿನವಂತೂ ಪ್ರಯಾಣವೇ ಬೇಡ ಎಂದಾಯಿತು.

"ಪೀಸಾ?" ಆತ ಮೆಲ್ಲಗೆ ಕೇಳಿದರು. ಫ್ಲಾರೆನ್ಸಿನಿಂದ ಸುಮಾರು ಒಂದು ಗಂಟೆ, ಸಾಮಾನು ಹೊರದೆ ಹೋಗಿಬರಬಹುದು.

ಅದಕ್ಕೆ ಆಕೆ ಹ್ಞೂಂ ಅಂದರು.